ಹಳೇ ಗೇಮ್ ಸರಣಿಗಳು ಹೊಸ ರೂಪ ತಾಳಲೇಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಪಿಸಿ, ಪ್ಲೇಸ್ಟೇಷನ್, ಮೊಬೈಲ್‌ಗಳಲ್ಲಿ ಗೇಮ್ ಆಡುವವರು ಹೊಸ ಭಾಗ ಬಂದಾಗಲೆಲ್ಲ ಕೇಳುವ ಪ್ರಶ್ನೆಗಳಿವು. ಕೆಲವು ವಿನ್ಯಾಸದ ಬಗ್ಗೆ, ಕೆಲವು ದುಡ್ಡಿನ ಬಗ್ಗೆ, ಕೆಲವು ಮಳೆಗಾಲದ ಕರೆಂಟಿನ ಬಗ್ಗೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

ಇಪ್ಪತ್ತು ವರ್ಷ ನಡೆದ ಸರಣಿ ಪೂರ್ತಿ ಬದಲಾಗಲೇಬೇಕಾ?

ಬೇಕಿಲ್ಲ. ಏನನ್ನು ಬದಲಿಸುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಯಾವ ಸರಣಿಯನ್ನೇ ಬಿಡಿಸಿ ನೋಡಿ, ಮೂರು ಸಂಗತಿ ಸಿಗುತ್ತವೆ.

ಒಂದು, ಆಟಗಾರರಿಗೆ ಕೊಟ್ಟ ಮಾತು. ರೆಸಿಡೆಂಟ್ ಈವಿಲ್ ಅಂದರೆ ಗುಂಡು ಕಡಿಮೆ, ಹೆದರಿಕೆ ಜಾಸ್ತಿ. ಸಿಮ್‌ಸಿಟಿ ಅಂದರೆ ನನ್ನ ಊರನ್ನು ನಾನೇ ಕಟ್ಟುತ್ತೇನೆ. ಎರಡು, ಕೈಗೆ ಕೂತ ಅಭ್ಯಾಸ: ಜಿಗಿತ ಎಷ್ಟೆತ್ತರ, ಗುರಿ ಹಿಡಿಯಲು ಎಷ್ಟು ಹೊತ್ತು, ಬ್ರೇಕ್ ಒತ್ತಿದರೆ ಕಾರು ಎಷ್ಟು ಜಾರುತ್ತದೆ. ಮೂರು, ಆ ಮಾತನ್ನು ನಡೆಸಿಕೊಡಲು ಬಳಸಿದ ಉಪಾಯಗಳು: ಕ್ಯಾಮೆರಾ ಎಲ್ಲಿದೆ, ನಕ್ಷೆ ಹೇಗೆ ತೆರೆದುಕೊಳ್ಳುತ್ತದೆ, ಸೇವ್ ಎಲ್ಲಿ ಮಾಡಬೇಕು.

ಮೂರನೆಯದನ್ನು ಧೈರ್ಯವಾಗಿ ಬದಲಿಸಬಹುದು. ಎರಡನೆಯದನ್ನು ಮುಟ್ಟಿದರೆ ಬದಲಿಗೆ ಅಷ್ಟೇ ಗಟ್ಟಿಯಾದದ್ದನ್ನು ಕೊಡಬೇಕು. ಮೊದಲನೆಯದನ್ನು ಮುರಿದರೆ ಡಬ್ಬಿಯ ಮೇಲಿನ ಹೆಸರಷ್ಟೇ ಹಳೆಯದಾಗಿ ಉಳಿಯುತ್ತದೆ. ಕೆಳಗಿನ ಉದಾಹರಣೆಗಳಲ್ಲಿ ಗೆದ್ದವು, ಸೋತವು ಹೆಚ್ಚುಕಡಿಮೆ ಈ ಲೆಕ್ಕದಲ್ಲೇ ಗೆದ್ದಿವೆ, ಸೋತಿವೆ.

ಹಳೆಯದನ್ನೇ ಮುಂದುವರಿಸಿದರೆ ಆಗಲ್ವಾ? ಕಂಪನಿಗಳು ಯಾಕೆ ಕೈ ಹಾಕ್ತಾರೆ?

ಯಂತ್ರ ಬದಲಾಗುತ್ತದೆ, ಕೆಲಸ ಮಾಡುವ ತಂಡ ಬದಲಾಗುತ್ತದೆ, ಕೊಳ್ಳುವವರ ವಯಸ್ಸು ಬದಲಾಗುತ್ತದೆ. 1997ರ ಮೊದಲ ಜಿಟಿಎಯಲ್ಲಿ (ಗ್ರ್ಯಾಂಡ್ ಥೆಫ್ಟ್ ಆಟೋ) ಊರು ಆಕಾಶದಿಂದ ಕೆಳಕ್ಕೆ ನೋಡಿದ ಹಾಗೆ ಕಾಣುತ್ತಿತ್ತು. 2001ರ ಮೂರನೇ ಭಾಗ ಆಟಗಾರನನ್ನು ಬೀದಿಗೇ ಇಳಿಸಿತು. ಕಾರು ಕದಿಯುವುದು, ಪೊಲೀಸರು ಬೆನ್ನು ಹತ್ತುವುದು, ಕೆಲಸ ಬಿಟ್ಟು ಊರೆಲ್ಲ ಅಲೆಯುವುದು ಯಾವುದೂ ತಪ್ಪಲಿಲ್ಲ. ಪ್ಲೇಸ್ಟೇಷನ್ 2 ಬಂದಮೇಲೆ ಮೇಲಿನಿಂದ ನೋಡುವ ಅಗತ್ಯ ಇರಲಿಲ್ಲ, ತೆಗೆದರು, ಅಷ್ಟೇ. ಇಂಥ ಬದಲಾವಣೆಗೆ ಯಾರೂ ಜಗಳ ಆಡುವುದಿಲ್ಲ.

ಚೆನ್ನಾಗಿ ಬದಲಾದ ಸರಣಿ ಯಾವುದು? ಒಂದನ್ನು ವಿವರವಾಗಿ ಹೇಳಿ.

ರೆಸಿಡೆಂಟ್ ಈವಿಲ್. ಎರಡು ಸಲ ರೂಪ ಬದಲಿಸಿದ, ನಡುವೆ ದಾರಿ ತಪ್ಪಿದ, ಮತ್ತೆ ಸರಿದಾರಿಗೆ ಬಂದ ಸರಣಿ. ಹಾಗಾಗಿ ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

1996ರ ಮೊದಲ ಭಾಗದಲ್ಲಿ ಕ್ಯಾಮೆರಾ ಗೋಡೆಯ ಮೂಲೆಯಲ್ಲಿ ಕಚ್ಚಿಕೊಂಡಂತೆ ನಿಂತಿರುತ್ತದೆ. ಅದಕ್ಕೆ ಕಾರಣ ಯಂತ್ರ. ಪ್ಲೇಸ್ಟೇಷನ್‌ನ ಮುಖ್ಯ ಮೆಮೊರಿ 2 ಎಂಬಿ ಮಾತ್ರ. ಕೋಣೆಗಳನ್ನು ಮೊದಲೇ ಚಿತ್ರವಾಗಿ ಮಾಡಿಟ್ಟು, ಅದರ ಮೇಲೆ ಪಾತ್ರಗಳನ್ನಷ್ಟೇ ಮೂರು ಆಯಾಮದಲ್ಲಿ ಓಡಿಸಿದರು. ಬಾಗಿಲು ನಿಧಾನ ತೆರೆಯುವ ದೃಶ್ಯದ ಹಿಂದೆ ಮುಂದಿನ ಕೋಣೆ ಲೋಡ್ ಆಗುತ್ತಿತ್ತು. ತಿರುವಿನಾಚೆ ಏನಿದೆ ಕಾಣುವುದಿಲ್ಲ, ಕಾಲೆಳೆಯುವ ಸದ್ದು ಮಾತ್ರ ಕೇಳುತ್ತದೆ. ಯಂತ್ರದ ಮಿತಿಯೇ ಹೆದರಿಕೆಯ ಮೂಲವಾಯಿತು.

ನಾಲ್ಕೈದು ಗೇಮ್ ಆದಮೇಲೆ ಆಟಗಾರರಿಗೆ ಆ ಹೆದರಿಕೆ ರೂಢಿಯಾಗಿಬಿಟ್ಟಿತು. 2005ರ ನಾಲ್ಕನೇ ಭಾಗ ಕ್ಯಾಮೆರಾವನ್ನು ಪಾತ್ರದ ಭುಜದ ಹಿಂದಕ್ಕೆ ತಂದಿತು. ಇದನ್ನು ಕಟ್ಟುವಾಗ ಹಲವು ರೂಪ ಮಾಡಿ ಬಿಟ್ಟುಕೊಟ್ಟಿದ್ದರು. ಅದರಲ್ಲೊಂದು ಬೆಳೆದು 2001ರಲ್ಲಿ ಡೆವಿಲ್ ಮೇ ಕ್ರೈ ಎಂಬ ಬೇರೆ ಸರಣಿಯೇ ಆಯಿತು. ನಾಲ್ಕನೇ ಭಾಗದಲ್ಲಿ ಗಮನಿಸಬೇಕಾದದ್ದು ಒಂದಿದೆ: ಗುರಿ ಹಿಡಿದಾಗ ಕಾಲು ನೆಲಕ್ಕೆ ನೆಟ್ಟಂತೆ ನಿಲ್ಲುತ್ತದೆ, ನಡೆಯುತ್ತ ಗುಂಡು ಹಾರಿಸಲಿಕ್ಕಾಗುವುದಿಲ್ಲ. ಹಳ್ಳಿಯ ಜನ ಸುತ್ತ ಮುತ್ತಿಕೊಂಡು ಬರುತ್ತಾರೆ. ನಿಲ್ಲಲಾ, ಓಡಲಾ ಎಂದು ಪ್ರತಿ ಗುಂಡಿಗೂ ನಿರ್ಧಾರ ಮಾಡಬೇಕು. ಕ್ಯಾಮೆರಾ ಬದಲಾದರೂ ಉಸಿರು ಬಿಗಿಹಿಡಿಯುವುದು ಉಳಿಯಿತು.

ಆಮೇಲೆ ತಪ್ಪಿದ್ದು ಎಲ್ಲಿ? 2009ರ ಐದನೆಯದು, 2012ರ ಆರನೆಯದು ‘ಆಕ್ಷನ್ ಇಷ್ಟಪಟ್ಟರು’ ಎಂಬುದನ್ನಷ್ಟೇ ತಗೊಂಡು ಅದನ್ನೇ ಹೆಚ್ಚಿಸುತ್ತ ಹೋದವು. ಆರನೆಯದರಲ್ಲಿ ನಾಲ್ಕು ಪ್ರತ್ಯೇಕ ಕಥೆಗಳು, ಸ್ಫೋಟದ ಮೇಲೆ ಸ್ಫೋಟ. ಗುಂಡು ಧಾರಾಳ, ಜೊತೆಗೆ ಒದೆತ, ಹೊಡೆತ. ಹೆದರಲಿಕ್ಕೆ ಕಾರಣವೇ ಉಳಿಯಲಿಲ್ಲ.

2017ರ ಏಳನೇ ಭಾಗ ನೋಟವನ್ನು ಪಾತ್ರದ ಕಣ್ಣಿಗೇ ತಂದಿತು. ಹಳೇ ನಾಯಕರಿಲ್ಲ, ಒಂದು ಪಾಳು ಮನೆ, ಒಂದು ಕುಟುಂಬ. ನೋಡಿದ ಕೂಡಲೇ ‘ಇದು ನಮ್ಮ ಗೇಮ್ ಅಲ್ಲ’ ಎಂದವರು ಬಹಳ. ಆಡಿದರೆ ಒಳಗಿರುವುದೆಲ್ಲ 1996ರ ಸಾಮಾನು: ಚೌಕಗಳಾಗಿ ಹಂಚಿದ ಕಿರಿದಾದ ಚೀಲ, ಹಸಿರು ಗಿಡಮೂಲಿಕೆ, ವಿಚಿತ್ರ ಗುರುತಿನ ಕೀಲಿಗಳು, ಒಂದು ಸುರಕ್ಷಿತ ಕೋಣೆ. ಸೇವ್ ಮಾಡುವ ಟೈಪ್‌ರೈಟರ್ ಜಾಗಕ್ಕೆ ಟೇಪ್ ರೆಕಾರ್ಡರ್ ಬಂದಿದೆ, ಇಷ್ಟೇ. ಹೊರಗೆ ಅತಿ ದೊಡ್ಡ ಬದಲಾವಣೆ, ಒಳಗೆ ಮೂಲಕ್ಕೆ ಅತಿ ಹತ್ತಿರದ ಗೇಮ್. ನಮ್ಮ ಅಭಿಪ್ರಾಯದಲ್ಲಿ ಹೊಸ ರೂಪ ಕೊಡುವುದು ಅಂದರೆ ಹೀಗೆ ಕೊಡಬೇಕು.

ಗಾಡ್ ಆಫ್ ವಾರ್, ಜೆಲ್ಡಾ ಪೂರ್ತಿ ಬದಲಾದವಲ್ಲ? ಅವು ಕೈಯಭ್ಯಾಸವನ್ನೂ ಮುರಿದವಲ್ಲ?

ಹೌದು. ಅದಕ್ಕೇ ಅವು ಅಪರೂಪ. 2005ರ ಗಾಡ್ ಆಫ್ ವಾರ್‌ನಲ್ಲಿ ದೂರದ ಕ್ಯಾಮೆರಾ, ಸರಪಳಿ ಕಟ್ಟಿದ ಕತ್ತಿಗಳು, ಜಿಗಿಯುವ ಬಟನ್ ಇತ್ತು. 2018ರಲ್ಲಿ ಕ್ಯಾಮೆರಾ ಬೆನ್ನಿಗೆ ಅಂಟಿಕೊಂಡಿತು, ಮೊದಲಿಂದ ಕೊನೆವರೆಗೆ ಎಲ್ಲೂ ಕಟ್ ಇಲ್ಲ, ಜಿಗಿಯುವ ಬಟನ್ನೇ ಇಲ್ಲ. ಬದಲಿಗೆ ಒಂದು ಕೊಡಲಿ ಕೊಟ್ಟರು. ಎಸೆದು, ಬಟನ್ ಒತ್ತಿದರೆ ಹಾರಿ ಕೈಗೆ ಬರುತ್ತದೆ; ಬಂದು ತಾಗುವಾಗ ಕಂಟ್ರೋಲರ್ ನಡುಗುತ್ತದೆ, ಸದ್ದು ಕೇಳುತ್ತದೆ, ಕ್ಯಾಮೆರಾ ಸ್ವಲ್ಪ ಅದುರುತ್ತದೆ. ಈ ಮೂರೂ ಒಂದೇ ಹೊತ್ತಿಗೆ ಆಗುವುದರಿಂದಲೇ ಕೈಗೆ ಆ ತೃಪ್ತಿ. ಹಳೇ ಕತ್ತಿಗಳನ್ನೂ ಕಥೆಯ ನಡುವೆ ಸರಿಯಾದ ಜಾಗ ನೋಡಿ ವಾಪಸ್ ಕೊಟ್ಟರು.

2017ರ ಬ್ರೆತ್ ಆಫ್ ದ ವೈಲ್ಡ್ ಜೆಲ್ಡಾ ಸರಣಿಯ ಕ್ರಮವನ್ನೇ ಕಿತ್ತುಹಾಕಿತು. ಹಿಂದೆ ಒಂದು ದೇಗುಲ ಮುಗಿಸಿದರೆ ಒಂದು ಉಪಕರಣ, ಆ ಉಪಕರಣದಿಂದ ಮುಂದಿನ ದೇಗುಲ. ಈಗ ಮುಖ್ಯ ಶಕ್ತಿಗಳೆಲ್ಲ ಶುರುವಿನ ಪ್ರಸ್ಥಭೂಮಿಯಲ್ಲೇ ಕೈಗೆ ಬರುತ್ತವೆ. ಅಲ್ಲಿಂದ ಇಳಿದ ಮೇಲೆ ಬೇಕಿದ್ದರೆ ನೇರ ಕೊನೆಯ ಶತ್ರುವಿನ ಹತ್ತಿರ ಹೋಗಬಹುದು. ದೊಡ್ಡ ದೇಗುಲಗಳು ಕಡಿಮೆಯಾಗಿ 120 ಚಿಕ್ಕ ಗುಡಿಗಳು ಬಂದವು. ಕಳೆದುಕೊಂಡದ್ದೂ ಇದೆ: ಗಂಟೆಗಟ್ಟಲೆ ತಲೆ ತಿನ್ನುವ ಆ ಹಳೇ ದೇಗುಲಗಳ ಹದ ಇದರಲ್ಲಿಲ್ಲ, ಆಯುಧಗಳು ಪಟಪಟ ಮುರಿಯುತ್ತವೆ. 2023ರ ಟಿಯರ್ಸ್ ಆಫ್ ದ ಕಿಂಗ್ಡಮ್ ದೇಗುಲಗಳನ್ನು ಮತ್ತೆ ತಂದಿತು. ಆದರೂ ಹಳೇ ಬಿಗಿ ಪೂರ್ತಿ ಮರಳಿಲ್ಲ, ಆ ದೂರು ನ್ಯಾಯವಾದದ್ದೇ.

ಬದಲಾಗಿ ಹಾಳಾದದ್ದು?

2013ರ ಸಿಮ್‌ಸಿಟಿ. ಒಬ್ಬರೇ ಕೂತು ಊರು ಕಟ್ಟುವ ಗೇಮ್‌ಗೆ ಇಂಟರ್ನೆಟ್ ಕಡ್ಡಾಯ ಮಾಡಿದರು. ಬಿಡುಗಡೆಯ ದಿನ ಸರ್ವರ್ ಕುಸಿದು, ದುಡ್ಡು ಕೊಟ್ಟವರು ಒಳಗೆ ಹೋಗಲಿಕ್ಕೇ ಆಗಲಿಲ್ಲ. ಸರ್ವರ್ ಸರಿಯಾದ ಮೇಲೆ ಗೊತ್ತಾದದ್ದು, ಕಟ್ಟಲು ಕೊಟ್ಟ ಜಾಗವೇ ಬಹಳ ಚಿಕ್ಕದು. ನಾಲ್ಕು ಬಡಾವಣೆ ಆಗುವಷ್ಟರಲ್ಲಿ ಗಡಿ ಬರುತ್ತದೆ. ನೆಟ್ ಇಲ್ಲದೆ ಆಡುವ ಅವಕಾಶ ಕೊಟ್ಟದ್ದು ಒಂದು ವರ್ಷ ಕಳೆದು, 2014ರ ಮಾರ್ಚ್‌ನಲ್ಲಿ. 2015ರ ಮಾರ್ಚ್‌ನಲ್ಲಿ ಫಿನ್ಲೆಂಡಿನ ಚಿಕ್ಕ ತಂಡವೊಂದು ಸಿಟೀಸ್: ಸ್ಕೈಲೈನ್ಸ್ ತಂದಿತು. ನೆಟ್ ಬೇಡ, ಜಾಗ ದೊಡ್ಡದು, ಆಟಗಾರರೇ ಮಾಡಿ ಸೇರಿಸುವ ಬದಲಾವಣೆಗಳಿಗೆ (ಮಾಡ್) ಮೊದಲ ದಿನದಿಂದಲೇ ಅವಕಾಶ. ಸಿಮ್‌ಸಿಟಿಯ ಮಾತನ್ನು ಬೇರೆಯವರು ಉಳಿಸಿಕೊಟ್ಟರು. ಅದೇ ತಿಂಗಳು ಸಿಮ್‌ಸಿಟಿ ಮಾಡಿದ ಸ್ಟುಡಿಯೋದ ಮುಖ್ಯ ಕಚೇರಿ ಮುಚ್ಚಿತು.

ಇನ್ನೊಂದು ಪ್ರೋ ಎವಲ್ಯೂಷನ್ ಸಾಕರ್. 2021ರಲ್ಲಿ ಹೆಸರು ಇಫುಟ್‌ಬಾಲ್ ಆಯಿತು, ಎಂಜಿನ್ (ಗೇಮ್ ಓಡಿಸುವ ಮೂಲ ತಂತ್ರಾಂಶ) ಬದಲಾಯಿತು, ಉಚಿತ ಮಾಡಿದರು. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಅರ್ಧ ಬೆಂದದ್ದನ್ನೇ ಬಿಟ್ಟರು. ವಿಕಾರ ಮುಖಗಳ ಚಿತ್ರ ಎಲ್ಲೆಡೆ ಹರಿದಾಡಿತು, ಕಂಪನಿ ಕ್ಷಮೆ ಕೇಳಿತು. 1.0 ಆವೃತ್ತಿ ಬಂದದ್ದು ಮರುವರ್ಷ ಏಪ್ರಿಲ್‌ನಲ್ಲಿ.

ಬದಲಾಗದೇ ಹಾಳಾದದ್ದು?

ಅಸ್ಯಾಸಿನ್ಸ್ ಕ್ರೀಡ್. 2009ರಿಂದ 2015ರವರೆಗೆ ಒಂದು ವರ್ಷವೂ ತಪ್ಪದೆ ಮುಖ್ಯ ಭಾಗ ಬಂತು. ಗೋಪುರ ಹತ್ತು, ನಕ್ಷೆ ತೆರೆ, ಚಿಹ್ನೆ ಇರುವಲ್ಲಿಗೆಲ್ಲ ಓಡು. ಶತ್ರು ಹೊಡೆಯುವವರೆಗೆ ಕಾದು ಒಂದು ಬಟನ್ ಒತ್ತಿದರೆ ಹೋರಾಟ ಮುಗಿಯಿತು. 2014ರ ಯುನಿಟಿ ಹೊಸ ಯಂತ್ರಗಳಿಗೆ ಹೊಸದಾಗಿ ಕಟ್ಟಿದ್ದು, ಆದರೆ ವರ್ಷದ ಗಡುವು ಬಿಡಲಿಲ್ಲ. ಮುಖದ ಚರ್ಮ ಮಾಯವಾಗಿ ಕಣ್ಣು ಹಲ್ಲು ಮಾತ್ರ ತೇಲುವ ಪಾತ್ರಗಳನ್ನು ಜನ ಇನ್ನೂ ಮರೆತಿಲ್ಲ. ಕೊನೆಗೆ ಹೆಚ್ಚುವರಿ ಕಥೆಯನ್ನು ಉಚಿತವಾಗಿ ಕೊಡಬೇಕಾಯಿತು.

2016ರಲ್ಲಿ ಮುಖ್ಯ ಭಾಗ ತರಲಿಲ್ಲ. 2017ರ ಒರಿಜಿನ್ಸ್ ಈಜಿಪ್ಟಿಗೆ ಹೋಯಿತು; ಕತ್ತಿ ನಿಜವಾಗಿ ತಾಗಿದರೆ ಮಾತ್ರ ಪೆಟ್ಟು, ಎತ್ತರ ಹತ್ತಿದರೆ ನಕ್ಷೆಯ ಗುಟ್ಟೆಲ್ಲ ಒಮ್ಮೆಗೇ ಬಿಚ್ಚಿಕೊಳ್ಳುವುದಿಲ್ಲ. ಸರಣಿಗೆ ಜೀವ ಬಂತು. ಆದರೆ ಆ ಹೊಸ ಹಾದಿಯನ್ನೇ ಎಳೆದು ಎಳೆದು 2020ರ ವಲ್ಹಾಲಾ ಹೊತ್ತಿಗೆ ಕಥೆ ಮುಗಿಸಲು 60 ಗಂಟೆಯೂ ಸಾಲದಂತಾಯಿತು. 2023ರ ಮಿರಾಜ್ ಬಾಗ್ದಾದಿನಲ್ಲಿ, ಚಿಕ್ಕದಾಗಿ, ಅವಿತು ನಡೆಯುವ ಹಳೇ ಕ್ರಮಕ್ಕೆ ಹಿಂದಿರುಗಿತು. ಹೊಸ ಸೂತ್ರವೂ ಮೂರೇ ಗೇಮ್‌ಗಳಲ್ಲಿ ಹಳತಾಗುತ್ತದೆ.

‘ಮೂರರಲ್ಲಿ ಒಂದು’ ಅನ್ನೋ ಸೂತ್ರ ಏನು?

ನಾಡು ಕಟ್ಟಿ ಬೆಳೆಸುವ ಸಿವಿಲೈಜೇಷನ್ ಸರಣಿಯವರು ಹೇಳುವ ನಿಯಮ: ಮೂರರಲ್ಲೊಂದು ಪಾಲು ಹಾಗೇ ಉಳಿಯಲಿ, ಒಂದು ಪಾಲು ಸುಧಾರಿಸಲಿ, ಒಂದು ಪಾಲು ಹೊಸದಿರಲಿ. ಒಳ್ಳೆಯ ಅಳತೆ, ಆದರೆ ಯಾವ ಪಾಲು ಎಂಬುದನ್ನು ಸೂತ್ರ ಹೇಳುವುದಿಲ್ಲ.

2010ರ ಐದನೇ ಭಾಗ ನೋಡಿ. ಚೌಕದ ಮನೆಗಳ ಬದಲು ಷಟ್ಕೋನ, ಒಂದು ಮನೆಯಲ್ಲಿ ಒಂದೇ ಸೇನಾ ತುಕಡಿ. ಮನುಷ್ಯರಿಗೆ ಯುದ್ಧ ಸೊಗಸಾಯಿತು: ಬಿಲ್ಲುಗಾರರು ಹಿಂದೆ, ಕಾಲಾಳು ಮುಂದೆ, ಬೆಟ್ಟದ ಕಣಿವೆಯಲ್ಲಿ ತಡೆ. ಕಂಪ್ಯೂಟರ್ ಆಡುವ ದೇಶಗಳಿಗೆ ಮಾತ್ರ ಕಷ್ಟವಾಯಿತು. ಹಿಂದೆ ಹತ್ತು ತುಕಡಿ ಒಂದೇ ಮನೆಯಲ್ಲಿ ಪೇರಿಸಿ ದೂಡಿದರೆ ಸಾಕಿತ್ತು. ಈಗ ಹತ್ತಕ್ಕೂ ಹತ್ತು ಮನೆ ಬೇಕು, ಪ್ರತಿಯೊಂದರ ದಾರಿಯನ್ನೂ ಇನ್ನೊಂದು ಕಟ್ಟುತ್ತದೆ. ಕಿರಿದಾದ ದಾರಿಯಲ್ಲಿ ಅವು ಒಂದಕ್ಕೊಂದು ಅಡ್ಡ ನಿಂತು ಬಾಣಕ್ಕೆ ಬಲಿಯಾಗುವುದನ್ನು ಆಡಿದವರೆಲ್ಲ ಕಂಡಿದ್ದಾರೆ. ಒಂದು ನಿಯಮ ಬದಲಿಸಿದರೆ ಅದನ್ನು ನಂಬಿದ್ದ ಇನ್ನೊಂದು ಕೆಡುವುದು ಹೀಗೆ.

2025ರ ಏಳನೆಯದರಲ್ಲಿ ಕಾಲವನ್ನು ಮೂರು ಯುಗ ಮಾಡಿ, ಯುಗ ಬದಲಾದಾಗ ನಾಡನ್ನೇ ಬದಲಿಸಬೇಕು ಎಂದರು. ‘ಒಂದು ನಾಡನ್ನು ಆದಿಯಿಂದ ಇಂದಿನವರೆಗೆ ನಡೆಸುತ್ತೇನೆ’ ಎಂಬುದೇ ಈ ಸರಣಿಯ ಮಾತಾಗಿತ್ತು. ಕೈ ಹಾಕಿದ್ದು ಮುಟ್ಟಬಾರದ ಪಾಲಿಗೆ.

ಏನೂ ಬದಲಾಗದೆ ಚೆನ್ನಾಗಿ ಬಾಳಿದ್ದು ಇದೆಯಾ?

ಏಜ್ ಆಫ್ ಎಂಪೈರ್ಸ್ 2. 1999ರ ಗೇಮ್, 2019ರಲ್ಲಿ ಹೊಸ ಚಿತ್ರಗಳೊಂದಿಗೆ ಮತ್ತೆ ಬಂತು; ಕುರಿ ಹುಡುಕುವುದು, ಕಟ್ಟಿಗೆ ಕಡಿಯುವುದು, ಹಳ್ಳಿಗರನ್ನು ಹಂಚುವುದು ಎಲ್ಲ ಅದೇ. ಮೂಲಕ್ಕೆ ಕೈ ಹಚ್ಚದೆ ಸುತ್ತ ಸೇರಿಸುತ್ತ ಹೋಗುತ್ತಾರೆ. 2022ರಲ್ಲಿ ‘ಭಾರತೀಯರು’ ಎಂಬ ಒಂದೇ ಗುಂಪನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಮಾಡಿದರು. ದ್ರಾವಿಡರಿಗೆ ಉರುಮಿ ಕತ್ತಿಯ ಯೋಧರು ಸಿಕ್ಕರು. ಕರಾವಳಿಯವರಿಗೆ ಆಡಲು ಇದೊಂದು ಒಳ್ಳೆಯ ನೆಪ.

ಹಾಗಾದ್ರೆ ಕ್ರಿಕೆಟ್ 07 ಇನ್ನೂ ಯಾಕೆ ಆಡ್ತಾರೆ? ಹೊಸ ವಿಂಡೋಸ್‌ನಲ್ಲಿ ಹಾಕೋದು ಹೇಗೆ?

ಇಎ ಕಂಪನಿ 2006ರ ಕೊನೆಗೆ ಅದನ್ನು ತಂದು, ಆಮೇಲೆ ಕ್ರಿಕೆಟ್ ಗೇಮ್‌ಗಳನ್ನೇ ನಿಲ್ಲಿಸಿತು. ಮುಂದುವರಿಸಿದ್ದು ಆಡುವವರು. ಐಪಿಎಲ್ ಶುರುವಾದದ್ದು 2008ರಲ್ಲಿ. ಆದರೂ ಐಪಿಎಲ್ ತಂಡಗಳು, ಜರ್ಸಿ, ಹೊಸ ಆಟಗಾರರು, ಮೈದಾನಗಳೆಲ್ಲ ಪ್ಯಾಚ್ ಆಗಿ, ಅಂದರೆ ಗೇಮ್‌ಗೆ ಮೇಲಿಂದ ಸೇರಿಸುವ ಫೈಲ್‌ಗಳಾಗಿ ಬಂದವು, ಬರುತ್ತಲೇ ಇವೆ. ಬ್ಯಾಟ್ ಬೀಸುವ ಹೊತ್ತು, ಓಡುವ ಲೆಕ್ಕ ಅದೇ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಚೇರಿ ಪಿಸಿಯಲ್ಲೂ ಓಡುತ್ತದೆ. ಹೊಸ ಕ್ರಿಕೆಟ್ ಗೇಮ್‌ಗಳು ನಿಜಕ್ಕೆ ಹತ್ತಿರ, ಆದರೆ ಬೇರೆ ಕಂಪನಿಯವು, ಕೈಗೆ ಹೊಸತು.

ನಿಮ್ಮ ಹತ್ತಿರ ಇರುವ ಪ್ರತಿಯನ್ನು ಹಾಕುವಾಗ ಈ ಕ್ರಮ ಅನುಸರಿಸಿ.

1. ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ. ಅಲ್ಲಿ ಬರೆಯಲು ವಿಂಡೋಸ್ ಅನುಮತಿ ಕೇಳುತ್ತದೆ, ಪ್ಯಾಚ್ ಹಾಕಿದ ಹಾಗೆ ಕಂಡು ಬದಲಾವಣೆ ತೋರುವುದಿಲ್ಲ. ಡಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿ.
2. ಪ್ಯಾಚ್ ಇಲ್ಲದ ಗೇಮ್ ಒಮ್ಮೆ ತೆರೆದು ಒಂದು ಓವರ್ ಆಡಿ ನೋಡಿ. ಓಡಿದರೆ ಆ ಫೋಲ್ಡರ್‌ನ ನಕಲು ತೆಗೆದಿಡಿ.
3. ಪ್ಯಾಚ್‌ಗಳನ್ನು ಒಂದೊಂದಾಗಿ ಹಾಕಿ, ಪ್ರತಿ ಸಲ ತೆರೆದು ನೋಡಿ. ನಾಲ್ಕನ್ನು ಒಟ್ಟಿಗೆ ಹಾಕಿದರೆ ಯಾವುದು ಕೆಡಿಸಿತು ತಿಳಿಯುವುದಿಲ್ಲ.
4. ಆಂಟಿವೈರಸ್ ಆಫ್ ಮಾಡಿ ಎಂದು ಹೇಳುವ ಪ್ಯಾಚ್ ಬಿಟ್ಟುಬಿಡಿ.

ಆ ಕಾಲದ ಅನೇಕ ಡಿಸ್ಕ್‌ಗಳಲ್ಲಿದ್ದ ಸೇಫ್‌ಡಿಸ್ಕ್ ಎಂಬ ನಕಲು ತಡೆಯುವ ರಕ್ಷಣೆಯನ್ನು ವಿಂಡೋಸ್ 10 ಕೈಬಿಟ್ಟಿದೆ. ಡಿಸ್ಕ್ ಇಟ್ಟರೂ ಗೇಮ್ ತೆರೆಯದಿದ್ದರೆ ಇದೇ ಕಾರಣ ಇರಬಹುದು. ಅಂಥದ್ದಕ್ಕೆ ಹಳೇ ವಿಂಡೋಸ್ ಇರುವ ಪಿಸಿಯನ್ನು ನೆಟ್ ತಪ್ಪಿಸಿ ಇಟ್ಟುಕೊಳ್ಳುವುದು ವಾಸಿ.

ಹಳೇ ಅಭಿಮಾನಿಗಳು ಹೊಸದನ್ನು ಯಾವಾಗಲೂ ಬೈತಾರಲ್ಲ, ಅವರ ಮಾತು ಕೇಳಬೇಕಾ?

ಕೇಳಬೇಕು, ಏನನ್ನು ಬೈಯುತ್ತಿದ್ದಾರೆ ಎಂದು ಬಿಡಿಸಿ ಕೇಳಬೇಕು. ಬಡಗುತಿಟ್ಟಿನ ಯಕ್ಷಗಾನಕ್ಕೆ ಹೋಗುವ ಹೊನ್ನಾವರ, ಕುಮಟೆಯ ಪ್ರೇಕ್ಷಕರಿಗೆ ಕೌರವ ನೀರಿನಲ್ಲಿ ಅಡಗುವುದು, ಭೀಮ ಬಂದು ಕೆಣಕುವುದು ಎಲ್ಲ ಬಾಯಿಪಾಠ. ಹೋಗುವುದು ಇವತ್ತಿನ ವೇಷಧಾರಿ ಅರ್ಥ ಹೇಗೆ ಹೇಳುತ್ತಾನೆ, ಭಾಗವತರು ಪದ್ಯ ಹೇಗೆ ಎತ್ತುತ್ತಾರೆ ಎಂದು ನೋಡಲಿಕ್ಕೆ. ಮಾತು ಪ್ರತಿ ರಾತ್ರಿ ಹೊಸದಾದರೂ ಯಾರೂ ಆಕ್ಷೇಪಿಸುವುದಿಲ್ಲ. ಚಂಡೆ ಮದ್ದಳೆ ತೆಗೆದರೆ ಮಾತ್ರ ಎದ್ದು ಹೋಗುತ್ತಾರೆ.

ಜಪಾನಿನ ಡ್ರ್ಯಾಗನ್ ಕ್ವೆಸ್ಟ್ ಹೀಗೆಯೇ 1986ರಿಂದ ನಡೆದಿದೆ. ಸರದಿಯ ಹೋರಾಟ (ಒಬ್ಬರಾದ ಮೇಲೆ ಒಬ್ಬರು ಹೊಡೆಯುವುದು), ನೀಲಿ ಸ್ಲೈಮ್ ಎಂಬ ಶತ್ರು, ಅದೇ ಸದ್ದುಗಳು. ಕಥೆ ಪ್ರತಿ ಸಲ ಹೊಸದು. ಯಕೂಜಾ ಸರಣಿ ಇದಕ್ಕೆ ಉಲ್ಟಾ ಮಾಡಿತು. 2005ರಿಂದ ಬೀದಿ ಹೊಡೆದಾಟದ ಗೇಮ್. 2020ರಲ್ಲಿ ಸರದಿಯ ಹೋರಾಟಕ್ಕೆ ಬದಲಾಯಿತು. 2019ರ ಏಪ್ರಿಲ್ 1ರಂದು ಅದರ ವಿಡಿಯೋ ಬಿಟ್ಟಾಗ ಜನ ಏಪ್ರಿಲ್ ಫೂಲ್ ಅಂದುಕೊಂಡರು. ಆದರೆ ಗಲ್ಲಿಗಳು, ಊಟದಂಗಡಿಗಳು, ದಾರಿಯಲ್ಲಿ ಎದುರಾಗುವ ವಿಚಿತ್ರ ಮನುಷ್ಯರು, ಕಣ್ಣೀರು ತರಿಸುವ ಕಥೆ ಹಾಗೇ ಇದ್ದುದರಿಂದ ಹಳಬರೂ ಉಳಿದರು.

ಬೈಗುಳ ಚಿತ್ರದ ಬಗ್ಗೆ ಮಾತ್ರ ಇದ್ದರೆ ಎರಡು ವರ್ಷ ಕಾಯಿರಿ. 2002ರ ವಿಂಡ್ ವೇಕರ್ ಜೆಲ್ಡಾವನ್ನು ಕಾರ್ಟೂನ್ ಎಂದು ಹಳಿದರು. ಇವತ್ತು ಆ ಕಾಲದ ಗೇಮ್‌ಗಳಲ್ಲಿ ಕಣ್ಣಿಗೆ ಹಳತಾಗದೆ ಉಳಿದದ್ದು ಅದೇ.

ಆನ್‌ಲೈನ್ ಗೇಮ್ ಬದಲಾದರೆ ಹಳೆಯದು ಸಿಗುತ್ತಾ?

ಹೆಚ್ಚಿನ ಸಲ ಇಲ್ಲ, ಇದೇ ದೊಡ್ಡ ತೊಂದರೆ. 2023ರ ಸೆಪ್ಟೆಂಬರ್ 27ರಂದು ಕೌಂಟರ್-ಸ್ಟ್ರೈಕ್ 2 ಬಂದಾಗ ಹಳೇ ಗ್ಲೋಬಲ್ ಅಫೆನ್ಸಿವ್ ಜಾಗದಲ್ಲೇ ಅಪ್‌ಡೇಟ್ ಆಗಿ ಕೂತಿತು. ಗುಂಡು ಹಾರಿಸಿದರೆ ಹೊಗೆ ಚದುರುವುದು, ಹೊಸ ಬೆಳಕು ಎಲ್ಲ ಚೆಂದ. ಆದರೆ ಡೈರೆಕ್ಟ್‌ಎಕ್ಸ್ 9, 32 ಬಿಟ್ ಪಿಸಿ, ಮ್ಯಾಕ್ ಎಲ್ಲಕ್ಕೂ ಬೆಂಬಲ ಹೋಯಿತು. ಹಳೇ ಪಿಸಿ ಇದ್ದವರು ಒಂದೇ ರಾತ್ರಿಯಲ್ಲಿ ಹೊರಗುಳಿದರು.

ಬಿಜಿಎಂಐ (ಪಬ್‌ಜಿಯ ಭಾರತದ ಆವೃತ್ತಿ) ತರದ ಮೊಬೈಲ್ ಗೇಮ್‌ಗಳಿಗೆ ಎರಡನೇ ಭಾಗವೇ ಇಲ್ಲ, ಅಪ್‌ಡೇಟ್ ಮಾತ್ರ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ನಿಷೇಧವಾಯಿತು, 2021ರಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಇಳಿಯಿತು, 2023ರ ಮೇನಲ್ಲಿ ಮರಳಿತು. ಇಂಥದ್ದರಲ್ಲಿ ಬಟ್ಟೆ, ಬಂದೂಕಿನ ಬಣ್ಣಕ್ಕೆ ಸಾವಿರಗಟ್ಟಲೆ ಹಾಕುವ ಮೊದಲು ಇದನ್ನು ನೆನಪಿಡಿ.

ಪೂರ್ತಿ ಮುಚ್ಚಿ ಕಟ್ಟುವುದು ಸರಿಯಾದದ್ದೂ ಉಂಟು. 2010ರ ಫೈನಲ್ ಫ್ಯಾಂಟಸಿ 14 ರಿಪೇರಿಯಾಗದಷ್ಟು ಕೆಟ್ಟಿತ್ತು. 2012ರಲ್ಲಿ ಕಥೆಯೊಳಗೇ ಆ ಲೋಕವನ್ನು ನಾಶಮಾಡಿ ಸರ್ವರ್ ನಿಲ್ಲಿಸಿದರು. 2013ರ ಆಗಸ್ಟ್‌ನಲ್ಲಿ ಹೊಸದಾಗಿ ತೆರೆದರು, ಇವತ್ತಿಗೂ ನಡೆಯುತ್ತಿದೆ.

ಪ್ರತಿ ವರ್ಷ ಬರುವ ಫುಟ್‌ಬಾಲ್ ಗೇಮ್ ಪ್ರತಿ ವರ್ಷ ಕೊಳ್ಳಬೇಕಾ?

ಬೇಡ. ಮೂರು ವರ್ಷಕ್ಕೊಮ್ಮೆ ಸಾಕು. 1993ರಿಂದ ಬಂದ ಫಿಫಾ ಹೆಸರು 2023ರಲ್ಲಿ ಇಎ ಸ್ಪೋರ್ಟ್ಸ್ ಎಫ್‌ಸಿ ಆದಾಗಲೂ ಮೈದಾನದೊಳಗೆ ದೊಡ್ಡ ವ್ಯತ್ಯಾಸ ಆಗಲಿಲ್ಲ. ಅದರ ಅಲ್ಟಿಮೇಟ್ ಟೀಮ್ ವಿಭಾಗದಲ್ಲಿ ಗಳಿಸಿದ ಆಟಗಾರರ ಕಾರ್ಡ್‌ಗಳು ಮುಂದಿನ ವರ್ಷಕ್ಕೆ ಬರುವುದಿಲ್ಲ. ಸೆಪ್ಟೆಂಬರ್ ಹೊತ್ತಿಗೆ ಬರುವ ಗೇಮ್ ಬೇಸಿಗೆ ರಜೆಯೊಳಗೆ ಬಹಳ ಅಗ್ಗವಾಗುತ್ತದೆ.

ಯಾವ ಭಾಗದಿಂದ ಶುರು ಮಾಡಲಿ?

ಮೊದಲನೆಯದರಿಂದಲೇ ಶುರು ಮಾಡುವ ಹಟ ಬೇಡ. ರೆಸಿಡೆಂಟ್ ಈವಿಲ್: 2019ರ ಎರಡನೆಯದು, ಇಷ್ಟವಾದರೆ ಏಳನೆಯದು. ಗಾಡ್ ಆಫ್ ವಾರ್: 2018ರದ್ದು, ಪಿಸಿಯಲ್ಲೂ ಇದೆ. ಅಸ್ಯಾಸಿನ್ಸ್ ಕ್ರೀಡ್: ಕಥೆ ಬೇಕಾದರೆ ಎರಡನೆಯದು, ಅಲೆದಾಡಬೇಕಾದರೆ ಒರಿಜಿನ್ಸ್. ಯಕೂಜಾ: ಹೊಡೆದಾಟಕ್ಕೆ ಯಕೂಜಾ 0, ಸರದಿಯ ಹೋರಾಟಕ್ಕೆ ಲೈಕ್ ಎ ಡ್ರ್ಯಾಗನ್. ಸಿವಿಲೈಜೇಷನ್: ಆರನೆಯದು.

ಹೊಸ ಭಾಗ ನನಗೆ ಹಿಡಿಸುತ್ತಾ ಅಂತ ದುಡ್ಡು ಕಳೆಯದೆ ತಿಳಿಯೋದು ಹೇಗೆ?

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸ್. ಪ್ಲೇಸ್ಟೇಷನ್‌ನಲ್ಲಿ ಡೌನ್‌ಲೋಡ್ ಶುರು ಮಾಡಿದರೆ ಆ ಹಕ್ಕು ಹೋಗುತ್ತದೆ. ಅಲ್ಲಿ ಡೆಮೊ ಇದ್ದರೆ ಮಾತ್ರ ನೋಡಿ ಕೊಳ್ಳಿ.

ಆ ಎರಡು ಗಂಟೆಯನ್ನು ಹೀಗೆ ಬಳಸಿ. ಮೊದಲ ಸಲ ತೆರೆದಾಗ ‘ಶೇಡರ್’ (ಬೆಳಕು, ಬಣ್ಣ ಮೂಡಿಸುವ ಪ್ರೋಗ್ರಾಂ) ಸಿದ್ಧವಾಗುವ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಹಳೇ ಪ್ರೊಸೆಸರ್‌ನಲ್ಲಿ ಅದೇ ಹತ್ತು-ಇಪ್ಪತ್ತು ನಿಮಿಷ ನುಂಗುತ್ತದೆ. ಗ್ರಾಫಿಕ್ಸ್ ‘ಮೀಡಿಯಂ’ ಇಟ್ಟು ಜನ ಸೇರುವ ಜಾಗದಲ್ಲಿ ಓಡಿ, ತಡವರಿಸುತ್ತದೆಯೇ ನೋಡಿ. ಖಾಲಿ ಕೋಣೆಯಲ್ಲಿ ಎಲ್ಲ ಗೇಮ್‌ಗಳೂ ಸಲೀಸು. ಆಮೇಲೆ ಹಳೇ ಭಾಗದಲ್ಲಿ ನಿಮಗೆ ಅತಿ ಇಷ್ಟವಾದ ಒಂದು ಕೆಲಸ, ಅವಿತು ಕೊಲ್ಲುವುದೋ, ತಿರುವಿನಲ್ಲಿ ಕಾರು ಜಾರಿಸುವುದೋ, ಅದನ್ನೇ ಹುಡುಕಿ ಮಾಡಿ. ಒಂದೂವರೆ ಗಂಟೆಗೆ ಅಲಾರಂ ಇಟ್ಟುಕೊಳ್ಳಿ. ಆ ಕೆಲಸ ಇನ್ನೂ ಸಿಕ್ಕಿರದಿದ್ದರೆ, ಸಿಕ್ಕರೂ ಸಪ್ಪೆ ಎನಿಸಿದರೆ, ವಾಪಸ್ ಕೊಡಿ.

ಮಳೆಗಾಲದಲ್ಲಿ ಕರೆಂಟ್ ಹೋಗುತ್ತೆ, ನೆಟ್ ನಿಧಾನ. 100 ಜಿಬಿ ಗೇಮ್ ಹೇಗೆ ಹಾಕೋದು?

30 ಎಂಬಿಪಿಎಸ್ ಫೈಬರ್‌ನಲ್ಲಿ 100 ಜಿಬಿಗೆ ಏಳೂವರೆ ಗಂಟೆ ಬೇಕು. ಸ್ಟೀಮ್ ಡೌನ್‌ಲೋಡ್ ನಡುವೆ ನಿಂತರೆ ನಿಂತಲ್ಲಿಂದ ಮುಂದುವರಿಯುತ್ತದೆ, ಹೆದರಬೇಡಿ. ಒಬ್ಬರ ಹತ್ತಿರ ಇದ್ದರೆ ಹಾರ್ಡ್‌ಡಿಸ್ಕ್‌ನಲ್ಲಿ ತರಬಹುದು, ಆದರೆ ನೀವೂ ಕೊಂಡಿರಬೇಕು. ಗೇಮ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್. ಅಲ್ಲೇ ಬ್ಯಾಕಪ್ ಇದೆ, ತಂದಮೇಲೆ ಫೈಲ್ ಸರಿಯಿದೆಯೇ ಪರೀಕ್ಷಿಸುವ ‘ವೆರಿಫೈ’ಯೂ ಇದೆ.

ಸೇವ್ ಕೆಡುವುದು ಕರೆಂಟ್‌ನಿಂದ. ಮೂಲೆಯಲ್ಲಿ ಆಟೋಸೇವ್ ಚಕ್ರ ತಿರುಗುವಾಗ ಪಿಸಿ ಆಫ್ ಆದರೆ ಆ ಫೈಲ್ ಅರ್ಧಕ್ಕೆ ನಿಲ್ಲುತ್ತದೆ. 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಕೊಡುತ್ತದೆ; ಗ್ರಾಫಿಕ್ಸ್ ಕಾರ್ಡ್ ಇದ್ದರೆ 1000 ವಿಎ ಇರಲಿ. ಮನೆಯ ಇನ್ವರ್ಟರ್ ಇದ್ದರೆ ಹಿಂದಿನ ಸ್ವಿಚ್ ‘ಯುಪಿಎಸ್’ ಕಡೆ ಇದೆಯೇ ನೋಡಿ. ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲೇ ಪಿಸಿ ರೀಸ್ಟಾರ್ಟ್ ಆಗುತ್ತದೆ. ಕ್ಲೌಡ್ ಸೇವ್ ಇದ್ದರೂ ಡಾಕ್ಯುಮೆಂಟ್ಸ್, ಸೇವ್ಡ್ ಗೇಮ್ಸ್ ಫೋಲ್ಡರ್‌ಗಳನ್ನು ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ನಕಲು ಮಾಡಿ, ಯಾಕೆಂದರೆ ಕೆಟ್ಟ ಫೈಲ್ ಕ್ಲೌಡ್‌ಗೂ ಹೋಗಿ ಕೂರುತ್ತದೆ.

ನಾವು ಕಾಲೇಜಿನಲ್ಲಿ ಒಂದು ಚಿಕ್ಕ ಗೇಮ್ ಮಾಡಿದ್ದೆವು. ಎರಡನೇ ಭಾಗದಲ್ಲಿ ಏನು ಬದಲಿಸಬೇಕು?

ಮೊದಲು ಆಡಿದವರಲ್ಲಿ ಐವರನ್ನು, ಆಡದ ಐವರನ್ನು ಕೂರಿಸಿ. ಏನೂ ಹೇಳಿಕೊಡಬೇಡಿ, ಮೊದಲ ಹತ್ತು ನಿಮಿಷ ಅವರ ಕೈಯನ್ನೂ ಪರದೆಯನ್ನೂ ಒಟ್ಟಿಗೆ ವಿಡಿಯೋ ಮಾಡಿ. ಹೊಸಬರು ಸಿಕ್ಕಿಕೊಳ್ಳುವ ಜಾಗ ಬದಲಿಸಬೇಕಾದದ್ದು. ಹಳಬರು ನೋಡದೆಯೇ ಒತ್ತುವ ಬಟನ್‌ಗಳು ಬದಲಿಸಬಾರದವು. ‘ಏನು ಬೇಕು’ ಎಂದು ಕೇಳಿದರೆ ಎಲ್ಲರೂ ದೊಡ್ಡ ನಕ್ಷೆ ಎನ್ನುತ್ತಾರೆ. ಆ ಉತ್ತರವನ್ನು ನಂಬಿ ಆರು ತಿಂಗಳು ಹಾಳುಮಾಡಬೇಡಿ.

ಹೊಸ ಎಂಜಿನ್‌ಗೆ ಹೋಗುವುದಾದರೆ ಗುರುತ್ವ, ಜಿಗಿತದ ವೇಗದ ಅಂಕಿಗಳನ್ನು ಹಾಗೇ ನಕಲು ಮಾಡಿದರೆ ಸಾಲದು. ಎರಡು ಎಂಜಿನ್‌ಗಳ ಅಳತೆ ಬೇರೆ, ಅವು ಲೆಕ್ಕ ಹಾಕುವ ಕ್ರಮ ಬೇರೆ, ಅದೇ ಅಂಕಿಗೆ ಜಿಗಿತ ಭಾರವಾಗಬಹುದು. ಹಳೇ ಗೇಮ್‌ನ ಜಿಗಿತವನ್ನು ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಲೆಕ್ಕದಲ್ಲಿ ರೆಕಾರ್ಡ್ ಮಾಡಿ. ಬಟನ್ ಒತ್ತಿದ ಫ್ರೇಮ್‌ನಿಂದ ಕಾಲು ನೆಲ ಬಿಡುವವರೆಗೆ ಎಷ್ಟು, ತುದಿ ಮುಟ್ಟುವವರೆಗೆ ಎಷ್ಟು, ಕೆಳಗಿಳಿಯಲು ಎಷ್ಟು ಎಂದು ಮೂರು ಅಂಕಿ ಬರೆಯಿರಿ. ಹೊಸದರಲ್ಲಿ ಅದೇ ಮೂರು ಬರುವವರೆಗೆ ತಿದ್ದಿ. ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗ ಜಿಗಿಯಲು ಬಿಟ್ಟಿದ್ದರೆ ಅದನ್ನೂ ಅಷ್ಟೇ ಬಿಡಿ. ಇದನ್ನು ಮರೆತರೆ ‘ಹಳೆಯದೇ ಚೆನ್ನಾಗಿತ್ತು’ ಎನ್ನುತ್ತಾರೆ, ಯಾಕೆ ಎಂದು ಅವರಿಗೂ ಹೇಳಲಿಕ್ಕೆ ಬರುವುದಿಲ್ಲ. ಈ ಅಳತೆ ಮುಗಿದ ಮೇಲಷ್ಟೇ ಹೊಸ ಶತ್ರು, ಹೊಸ ಹಂತಗಳ ಕೆಲಸ ಹಿಡಿಯಿರಿ.